ವಯಸ್ಸು ತಿದ್ದಿದ್ದು

ಚೀಜಿನ್ ದ್ವೀಪಕ್ಕೆ ದೋಣಿಯಲ್ಲಿ ಐದೇ ನಿಮಿಷ.
ಸ್ಕೂಟರುಗಳ ನಡುವೆ ಒತ್ತಿ ನಿಂತು,
ಕಂಕುಳಲ್ಲಿ ಲ್ಯಾಪ್‌ಟಾಪು, ಜೇಬಲ್ಲಿ ನಾಲ್ಕೆಳೆಯ ಕೇಬಲ್ಲು,
ಸೋದರಮಾವನ ಪೆಟ್ಟಿಗೆ ನೋಡಲು ಹೋದೆ.

ಹಾಂಗ್ ಥಿಯನ್-ಬೂ,
ಬಂದರಿನ ಬಾಯಲ್ಲಿ ಸ್ಟೂಲು ಹಾಕಿ ಕೂತು ಹನ್ನೆರಡು ವರ್ಷ
ಒಳಬಂದ ಹಡಗನ್ನೆಲ್ಲ ಫೋಟೋ ಹಿಡಿದಿದ್ದಾನೆ.
ಯಾಕೆಂದರೆ,
'ಬಂದವರನ್ನು ಯಾರಾದರೂ ನೋಡಬೇಕಲ್ಲ' ಅನ್ನುತ್ತಾನೆ.
ಅಷ್ಟೂ ಇರುವುದು ಈ ಎರಡು ಡಿಸ್ಕಿನ ಗೂಡಲ್ಲಿ,
ಅಕ್ಕಿಡಬ್ಬಿಯ ಪಕ್ಕ,
ಉಪ್ಪುಗಾಳಿ ಕುಡಿದು ಕೆಮ್ಮುವ ಫ್ಯಾನಿನ ಜೊತೆ.

ಹೊಸ ಫೋನು ಇದರೊಡನೆ ಮಾತು ಬಿಟ್ಟಿದೆ.
'ನಿಮ್ಮ ಕಂಪನಿಯದೇ ಅಲ್ಲವಾ?'
ನಮ್ಮದೇ.
ಅವನಿಗೆ ಹೇಳದೆ ಉಳಿದದ್ದು ಇಷ್ಟು:
ಶಿಂಚುವಿನ ಆಫೀಸಿನಲ್ಲಿ, ಒಂದು ಶುಕ್ರವಾರ,
'ಬೆಂಬಲ ಮುಗಿದ ಮಾದರಿಗಳು' ಎಂದು ಟೈಪು ಮಾಡಿದ್ದು ನಾನು.
ಹದಿನಾಲ್ಕು ಹೆಸರು. ಇದು ಒಂಬತ್ತನೆಯದು.
ಮುಗಿಸಿ, ಎದ್ದು, ನೂಡಲ್ಸು ತಿಂದಿದ್ದೆ.

ಹೊಸ ಫರ್ಮ್‌ವೇರ್ ಇದಕ್ಕೆ ಒಗ್ಗದು ಎಂದಿತ್ತು ಪ್ರಕಟಣೆ.
ಒಗ್ಗುತ್ತದೆ.
ಅದೇ ಚಿಪ್ಪು, ಅದೇ ವಂಶ;
ಎರಡು ವರ್ಷ ಕಿರಿಯ ತಮ್ಮನಿಗೂ ಇದಕ್ಕೂ
ಮೆಮೊರಿ ಅರ್ಧ, ಕವಚದ ಬಣ್ಣ ಬೇರೆ, ಅಷ್ಟೇ.
ಬಾಗಿಲಲ್ಲಿ ಕಾವಲಿರುವುದು ಒಂದೇ ಸಾಲು:
ನೀನು ಯಾವ ಮಾದರಿ?
ಉತ್ತರ ಕೇಳುತ್ತದೆ, ಮುಖ ನೋಡುವುದಿಲ್ಲ.

'ಸುಳ್ಳು ಹೇಳಿಸಬೇಕು ಮಾವ.'
ನಕ್ಕ. ಮುಂದಿನ ಎರಡು ಹಲ್ಲಿಲ್ಲ.
'ಹದಿನಾಲ್ಕಕ್ಕೇ ನಾನು ಟ್ಯೂನಾ ಹಡಗು ಹತ್ತಿದ್ದು ಹೇಗೆ ಮತ್ತೆ?
ಅಣ್ಣನ ಗುರುತುಚೀಟಿ. ಕ್ಯಾಪ್ಟನ್ನಿಗೂ ಗೊತ್ತಿತ್ತು.
ಎಂಟು ದಿನ ವಾಂತಿ. ಒಂಬತ್ತನೇ ದಿನ ಗಾಳ ಎಳೆದೆ.'

ಅವನು ಕೂಡಿಸಿದ್ದ. ನಾನು ಕಳೆಯಬೇಕು.

ಎರಡು ರಾತ್ರಿ ನಕಲು ಇಳಿಸಿ,
ಆಪರೇಷನ್ನಿಗೆ ಮುಂಚೆ ಒಡವೆ ಬಿಚ್ಚಿಸುವಂತೆ
ಡಿಸ್ಕುಗಳನ್ನು ಬಿಚ್ಚಿ ಅವನ ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟೆ.
ಪಿನ್ನು ನಾಲ್ಕು, ಕೈ ಒಂದು ನಡುಗಿದರೂ ಕತೆ ಮುಗಿಯಿತು.
ಕಪ್ಪು ಪರದೆಯ ಮೇಲೆ ಅದರ ಹೆಸರು ಬಂತು.
ಹನ್ನೊಂದು ಇದ್ದಲ್ಲಿ ಹದಿಮೂರು ಬರೆದೆ.
ಒಂದೇ ಅಂಕಿ. ಬೆರಳಿಗೆ ಭಾರವಾಗಲಿಲ್ಲ,
ಆ ಶುಕ್ರವಾರವೂ ಆಗಿರಲಿಲ್ಲ.

'ಹತ್ತು ನಿಮಿಷ ವಿದ್ಯುತ್ ತೆಗೆಯಬೇಡಿ.'
ಈ ವಾಕ್ಯ ಬರೆದವನು ಪಕ್ಕದ ಟೇಬಲ್ಲಿನ ಪೈ ಗ್ವಾಂಗ್-ಲಿನ್.
ಹತ್ತೇ ಯಾಕೋ ಅಂದರೆ,
'ಜನರ ತಾಳ್ಮೆ ಅಷ್ಟೇ' ಅಂದಿದ್ದ.

ಹತ್ತಾಯಿತು.
ಹನ್ನೊಂದು.
ಮಿನುಗುತ್ತಿದ್ದ ನೀಲಿ ದೀಪ ಮಿನುಗುವುದನ್ನೂ ಬಿಟ್ಟಿತು.
ಮಾವ ಏನೂ ಕೇಳದೆ ಅಂಗಳಕ್ಕೆ ಹೋಗಿ
ಹಲಗೆಯ ಮೇಲೆ ಒಣಗುತ್ತಿದ್ದ ಮೀನಿನ ತತ್ತಿಗಳನ್ನು
ಒಂದೊಂದಾಗಿ ಮಗ್ಗುಲು ಹೊರಳಿಸತೊಡಗಿದ.
ನಾನು ಒಳಗೊಳಗೇ ಪಟ್ಟಿಯ ಹೆಸರು ಎಣಿಸಿದೆ.
ಹನ್ನೆರಡೇ ನೆನಪಾದವು.

ಹತ್ತೊಂಬತ್ತನೆಯ ನಿಮಿಷಕ್ಕೆ ಪೀಂ ಎಂದಿತು,
ಮಳ್ಳಿಯ ಹಾಗೆ, ಏನೂ ನಡೆದೇ ಇಲ್ಲವೆಂಬಂತೆ.

ಎಲ್ಲ ಸರಿಹೋಗಲಿಲ್ಲ. ಏಳಲು ಹೊತ್ತು ಹಿಡಿಯುತ್ತದೆ.
ಒಳಗಿನ ಬಿಸಿ ಎಷ್ಟೆಂದರೆ ಸೊನ್ನೆ ಅನ್ನುತ್ತದೆ;
ಈ ಕಾವ್‌ಶಿಯುಂಗಿನ ಸೆಕೆಯಲ್ಲಿ!
'ಅದನ್ನು ನಂಬಬೇಡ, ಕೈಯಿಟ್ಟು ನೋಡು' ಅಂದೆ.
'ಅಪ್‌ಡೇಟು ಕೇಳಿದರೆ ಬೇಡ ಅನ್ನು. ಯಾವಾಗ ಕೇಳಿದರೂ.'
ದಪ್ಪಕ್ಷರದಲ್ಲಿ 'ಬೇಡ' ಎಂದು ಬರೆದು
ಅದರ ನೆತ್ತಿಗೆ ಅಂಟಿಸಿದ.

ಸೋಮವಾರ ಆಫೀಸಿನಲ್ಲಿ ಹೊಸ ಪಟ್ಟಿ ಇದೆ. ಇಪ್ಪತ್ತೊಂದು.

ಫೋನಿನಲ್ಲಿ ಮೊದಲು ತೆರೆದದ್ದು ಒಂದು ಸರಕು ಹಡಗು,
ಬೆಳಗಿನ ಬಿಸಿಲಿಗೆ ಪಕ್ಕೆ ತಿರುಗಿಸಿಕೊಂಡು.
ಮಾವ ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸಿದ:
ಬಿಳಿ ಬಣ್ಣದ ಹೊಸ ಹೆಸರಿನ ಅಡಿಯಲ್ಲಿ
ಬೆಸೆದ ಹಳೆಯ ಅಕ್ಷರಗಳು
ಇನ್ನೂ ಉಬ್ಬಿಕೊಂಡಿದ್ದವು.